ನಾಲಿಗೆಯ ತುದಿ ನೋಡಲು ಕಲಿತದ್ದು

ಆ ಹುಡುಗ ಯಾದಗಿರಿಯ ನನ್ನ ಹಲ್ಲಿನ ದವಾಖಾನೆಗೆ ಬಂದಾಗ ಏಳು ವರ್ಷದವನು. ಮುಖ, ತೋಳುಗಳ ಮೇಲೆಲ್ಲ ಎಳ್ಳು ಚೆಲ್ಲಿದಂತೆ ಚುಕ್ಕೆಗಳು, ಮೂಗಿನ ಮೇಲೆ ಹೊಲಿಗೆಯ ಗುರುತು. ಕಾಯಿಲೆಯ ಹೆಸರು ತಾಯಿಗೆ ಬಾಯಿಪಾಠವಾಗಿತ್ತು: ಕ್ಸೆರೊಡರ್ಮಾ ಪಿಗ್ಮೆಂಟೋಸಮ್. ಬಿಸಿಲಿನ ನೇರಳಾತೀತ ಕಿರಣ ಎಲ್ಲರ ಚರ್ಮದಲ್ಲೂ ಡಿಎನ್‌ಎ ಕೆಡಿಸುತ್ತದೆ. ನಮ್ಮ ದೇಹ ಅದನ್ನು ರಿಪೇರಿ ಮಾಡಿಕೊಳ್ಳುತ್ತದೆ, ಈ ಮಕ್ಕಳಲ್ಲಿ ಆ ರಿಪೇರಿ ಸರಿಯಾಗಿ ನಡೆಯುವುದಿಲ್ಲ. ಹತ್ತು ವರ್ಷ ತುಂಬುವ ಮೊದಲೇ ಚರ್ಮದ ಕ್ಯಾನ್ಸರ್ ಬರುವುದುಂಟು.

ಅವನು ಬಂದದ್ದು ಹಲ್ಲುನೋವಿಗೆ. ನಾಲಿಗೆಯ ತುದಿಯಲ್ಲಿ ಜೋಳದ ಕಾಳಿನಷ್ಟು ಕೆಂಪು ಗಂಟಿತ್ತು. ಚೂಪಾದ ಹಲ್ಲು ತಾಗಿರಬೇಕೆಂದು ಹಲ್ಲನ್ನು ಉಜ್ಜಿ ನಯ ಮಾಡಿ, ಹಚ್ಚಲು ಜೆಲ್ ಕೊಟ್ಟು ಕಳಿಸಿದೆ. ಬಿಸಿಲಿನ ರೋಗಕ್ಕೂ ಬಾಯೊಳಗಿನ ಕತ್ತಲೆಗೂ ಎಲ್ಲಿಯ ಸಂಬಂಧ ಎಂಬುದು ಆಗಿನ ನನ್ನ ಜಾಣತನ! ಆರು ವಾರಗಳ ನಂತರ ತಾಯಿ, "ಸಾಹೇಬರೇ, ಹೋಗಿಲ್ಲ, ದಪ್ಪವಾಗಿದೆ" ಎನ್ನುತ್ತಿದ್ದಾಗ ಹುಡುಗ ಒಣಗಿದ ತುಟಿಯನ್ನು ನೆಕ್ಕುತ್ತ ಕುಳಿತಿದ್ದ. ನಾಲಿಗೆಯಲ್ಲಿ ಬಿಸಿಲು ಕಾಣುವುದು ಆ ತುದಿಯೇ ಎಂದು ಅವನೇ ತೋರಿಸಿಕೊಟ್ಟ. ಅವತ್ತೇ ತುಣುಕು ಪರೀಕ್ಷೆಗೆ ಕಲಬುರಗಿಗೆ ಕಳಿಸಿದೆ. ಸ್ಕ್ವಾಮಸ್ ಸೆಲ್ ಕ್ಯಾನ್ಸರ್, ಅಂದರೆ ಮೇಲ್ಪದರದ ಚಪ್ಪಟೆ ಕೋಶಗಳ ಕ್ಯಾನ್ಸರ್, ಎಂದು ವರದಿ ಬಂತು. ಇನ್ನೂ ಚಿಕ್ಕದಿದ್ದುದರಿಂದ ಕತ್ತರಿಸಿ ತೆಗೆದರು. ಮಾತು ಉಳಿಯಿತು, ರಕಾರ ಮಾತ್ರ ತೊದಲುತ್ತದೆ.

ಈಗ ಅವನಿಗೆ ಸಮಯ ಕೊಡುವುದು ಸಂಜೆ ಏಳರ ಮೇಲೆಯೇ. ಸಾದಾ ಕಿಟಕಿ ಗಾಜನ್ನು ಯುವಿಎ ಎಂಬ ಬಗೆಯ ನೇರಳಾತೀತ ಕಿರಣ ದಾಟಿ ಬರುತ್ತದೆ. ಅದನ್ನು ತಡೆಯುವ ಫಿಲ್ಮ್ ಅಂಟಿಸಿದೆ. ತಾಯಿಗೆ ಮನೆಯಲ್ಲಿ ನೋಡುವ ಕ್ರಮ ಕಲಿಸಿದೆ: ವಾರಕ್ಕೊಮ್ಮೆ ಒಣ ಬಟ್ಟೆಯಿಂದ ನಾಲಿಗೆಯ ತುದಿ ಹಿಡಿದು, ಮೊಬೈಲ್ ಬೆಳಕಿನಲ್ಲಿ ಮೇಲೆ, ಕೆಳಗೆ, ಎರಡೂ ಅಂಚು, ಆಮೇಲೆ ಕೆಳತುಟಿಯನ್ನು ಮಡಚಿ ನೋಡುವುದು. ಅನುಮಾನ ಬಂದರೆ ಕೆನ್ನೆಯ ಪಕ್ಕ ಒಂದು ರೂಪಾಯಿ ನಾಣ್ಯ ಹಿಡಿದು ಫೋಟೊ, ಅಳತೆ ತಿಳಿಯಲು. ಎರಡು ವಾರ ಕಳೆದರೂ ಮಾಯದ ಹುಣ್ಣಿಗೆ ನನ್ನನ್ನೂ ಸೇರಿಸಿ ಯಾರು ಜೆಲ್ ಕೊಟ್ಟರೂ ಸುಮ್ಮನಿರಬೇಡಿ ಎಂದಿದ್ದೇನೆ.

ತುಟಿಗೆ ಹಚ್ಚಿದ ಸನ್‌ಸ್ಕ್ರೀನ್ ಅವನ ಹೊಟ್ಟೆ ಸೇರುತ್ತಿತ್ತು. ಕೊನೆಗೆ ಊರಿನ ದರ್ಜಿಯೊಬ್ಬರು ಅಗಲ ಅಂಚಿನ ಟೋಪಿಗೆ ಗಲ್ಲದ ಕೆಳಗಿನವರೆಗೆ ಇಳಿಯುವ ಯುವಿ ತಡೆಯ ಪಾರದರ್ಶಕ ಹಾಳೆ ಹೊಲಿದುಕೊಟ್ಟರು. ಬಿಸಿಲು ತಪ್ಪಿಸಿದ್ದಕ್ಕೆ ವಿಟಮಿನ್ ಡಿ ಮಾತ್ರೆ ಬೇರೆ. ತಂಬಾಕಿನ ಹೊಗೆಯೂ ಇಂಥ ಮಕ್ಕಳ ಕೋಶಗಳಿಗೆ ಕೇಡೆಂದು ತಂದೆಗೆ ಬೀಡಿ ಬಿಡಲು ಹೇಳಿದೆ. ಅವರು ಬಿಟ್ಟಿಲ್ಲ, ದನದ ಕೊಟ್ಟಿಗೆಯ ಹಿಂದೆ ಹೋಗಿ ಸೇದುತ್ತಾರೆ.

ತಂದೆತಾಯಿ ಸೋದರಸಂಬಂಧದಲ್ಲಿ ಮದುವೆಯಾದವರು. ಇಬ್ಬರಲ್ಲೂ ಅದೇ ದೋಷವಿರುವ ಜೀನಿನ ಒಂದೊಂದು ಪ್ರತಿ ಇದೆ, ಎರಡೂ ಮಗುವಿಗೆ ಬಂದರೆ ರೋಗ, ಹೀಗಾಗಿ ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲೊಂದು ಪಾಲಿನ ಭಯ. ಕಳೆದ ಬಾರಿ ತಾಯಿ ಒಂದೂವರೆ ವರ್ಷದ ಮಗಳನ್ನೂ ಎತ್ತಿಕೊಂಡು ಬಂದಿದ್ದರು. ಕೆನ್ನೆಯ ಮೇಲೆ ಚುಕ್ಕೆಗಳಿರಲಿಲ್ಲ. ನಾಲಿಗೆ ಹಿಡಿಯಲು ಹೋದರೆ ನನ್ನ ಬೆರಳನ್ನು ಕಚ್ಚಿದಳು.