ಕೆಎಂಎಲ್ ಫೈಲ್ ಗೂಗಲ್ ಅರ್ಥ್‌ನಲ್ಲಿ ಚೆನ್ನಾಗಿದೆ, ಬೇರೆ ಕಡೆ ಅರ್ಧಂಬರ್ಧ ಬರ್ತಿದ್ಯಾ? ಕೆರೆ ನಕ್ಷೆ ಮಾಡೋರಿಗೆ

ಕೆಎಂಎಲ್ ಅಂದ್ರೆ ಮ್ಯಾಪ್ ಮೇಲಿನ ಗುರುತು, ಗೆರೆ, ಆಕಾರಗಳನ್ನ ಬರೆದಿಡೋ ಫೈಲ್. ಒಬ್ರು ಗೂಗಲ್ ಅರ್ಥ್ ಪ್ರೋನಲ್ಲಿ ಕೂತು ಕೆರೆ ಅಂಗಳ, ರಾಜಕಾಲುವೆ, ತೂಬು, ಕೋಡಿ ಎಲ್ಲಾ ಗುರುತು ಹಾಕಿ, ಮೇಲೆ ಹಳೇ ನಕ್ಷೆನೂ ಹೊದಿಸಿ, ಕೆಎಂಜೆಡ್ (ಕೆಎಂಎಲ್‌ನ ಜಿಪ್ ರೂಪ) ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕ್ತಾರೆ. ಇನ್ನೊಬ್ರು ಅದನ್ನ ಬ್ರೌಸರಲ್ಲೇ ಮ್ಯಾಪ್ ಮಾಡೋ ಗೂಗಲ್ ಮೈ ಮ್ಯಾಪ್ಸ್‌ಗೆ ಹಾಕಿದ್ರೆ ಹಳೇ ನಕ್ಷೆ ಕಾಣಲ್ಲ, ಮತ್ತೊಬ್ರು ನಕ್ಷೆ ಸಾಫ್ಟ್‌ವೇರ್ ಆದ ಕ್ಯೂಜಿಐಎಸ್‌ನಲ್ಲಿ ತೆಗೆದ್ರೆ ಬಣ್ಣ ಎಲ್ಲಾ ಬೇರೆ. ಫೈಲ್ ಕೆಟ್ಟಿರಲ್ಲ. ಕೆಎಂಎಲ್ ಹುಟ್ಟಿದ್ದೇ ಕೀಹೋಲ್ ಕಂಪನಿಯ 3ಡಿ ಭೂಗೋಳಕ್ಕೆ, ಆ ಕಂಪನಿನ ಗೂಗಲ್ 2004ರಲ್ಲಿ ಕೊಂಡ್ಕೊಳ್ತು, ಆಮೇಲೆ 2008ರಲ್ಲಿ ಕೆಎಂಎಲ್, ನಕ್ಷೆ ಮಾಹಿತಿಗೆ ಸ್ಟ್ಯಾಂಡರ್ಡ್ ರೂಪಿಸೋ ಸಂಸ್ಥೆಯಾದ ಓಪನ್ ಜಿಯೋಸ್ಪೇಷಿಯಲ್ ಕನ್ಸಾರ್ಟಿಯಂನ ಸ್ಟ್ಯಾಂಡರ್ಡ್ ಆಯ್ತು. ಹಾಗಾಗಿ ಅದ್ರಲ್ಲಿರೋ ಎಷ್ಟೋ ಫೀಚರ್‌ಗಳಿಗೆ ಚಪ್ಪಟೆ ಮ್ಯಾಪ್‌ನಲ್ಲಿ ಜಾಗನೇ ಇಲ್ಲ.

ಅದಕ್ಕೆ ನಾನು ಹೇಳೋದು, ಫೈಲ್ ಎರಡು ಇಟ್ಕೊಳ್ಳಿ. ಒಂದು ಎಲ್ಲಾ ಇರೋ ಮೂಲ ಕಾಪಿ, ಅರ್ಥ್ ಪ್ರೋಗೆ ಮಾತ್ರ. ಇನ್ನೊಂದು ಹಂಚೋ ಕಾಪಿ, ಅದ್ರಲ್ಲಿ ಪಾಯಿಂಟ್, ಲೈನ್, ಪಾಲಿಗನ್ (ಸುತ್ತಲೂ ಗೆರೆ ಮುಚ್ಚಿದ ಆಕಾರ), ಹೆಸರು, ವಿವರಣೆ, ಸರಳ ಬಣ್ಣ ಇಷ್ಟೇ. ಈ ಐದಾರು ಸಂಗತಿ ಬಹುತೇಕ ಎಲ್ಲಾ ಕಡೆ ನಡೆಯುತ್ತೆ. ಟೂರ್, 3ಡಿ ಮಾಡೆಲ್, ಫೋಟೋ ಓವರ್‌ಲೇ, ವರ್ಷದಿಂದ ವರ್ಷಕ್ಕೆ ಸರಿಸಿ ನೋಡೋ ಟೈಮ್ ಸ್ಲೈಡರ್, ಇವೆಲ್ಲಾ ಹಂಚೋ ಕಾಪಿಯಿಂದ ತೆಗೆದುಬಿಡಿ. ಜಿಪಿಎಸ್ ಆ್ಯಪ್‌ನಿಂದ ಬಂದ ನಡಿಗೆ ಹಾದಿ ಗೂಗಲ್‌ನ ಟ್ರ್ಯಾಕ್ ರೂಪದಲ್ಲಿದ್ರೆ ಅದನ್ನ ಸಾದಾ ಲೈನ್‌ಸ್ಟ್ರಿಂಗ್ ಮಾಡ್ಕೊಳ್ಳಿ, ಟೈಮ್ ಮಾಹಿತಿ ಹೋಗುತ್ತೆ ಆದ್ರೆ ಗೆರೆ ಉಳಿಯುತ್ತೆ.

ಈಗ ಕೆಎಂಎಲ್ ಫೈಲ್ ಒಳಗೆ ನೋಡೋಣ, ನೋಟ್‌ಪ್ಯಾಡ್‌ನಲ್ಲೇ ತೆಗೀಬಹುದು. ಮೊದಲು ನೋಡ್ಬೇಕಾದ್ದು ಕೋಆರ್ಡಿನೇಟ್. ಕೆಎಂಎಲ್‌ನಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಬೆಂಗಳೂರು ಅಂದ್ರೆ 77.59,12.97 ಅಂತ ಬರೀಬೇಕು, ನಡುವೆ ಅಲ್ಪವಿರಾಮ ಮಾತ್ರ, ಸ್ಪೇಸ್ ಕೊಟ್ರೆ ಸಾಫ್ಟ್‌ವೇರ್ ಅದನ್ನ ಮುಂದಿನ ಪಾಯಿಂಟ್ ಅನ್ಕೊಳ್ಳುತ್ತೆ. ಗೂಗಲ್ ಮ್ಯಾಪ್ಸ್‌ನಿಂದ ಕಾಪಿ ಮಾಡಿದ ನಂಬರ್ ಅಕ್ಷಾಂಶ ಮೊದಲಿರುತ್ತೆ, ಅದನ್ನ ಹಾಗೇ ಅಂಟಿಸಿದ್ರೆ ನಿಮ್ಮ ಕೆರೆ ನಾರ್ವೆಯ ಸ್ವಾಲ್ಬಾರ್ಡ್ ಹತ್ರ ಸಮುದ್ರದಲ್ಲಿ ಹೋಗಿ ಕೂರುತ್ತೆ. ಪಾಲಿಗನ್‌ನಲ್ಲಿ ಮೊದಲನೇ ಪಾಯಿಂಟ್ ಮತ್ತು ಕೊನೇ ಪಾಯಿಂಟ್ ಒಂದೇ ಆಗಿರ್ಬೇಕು. ಅರ್ಥ್ ಪ್ರೋನಲ್ಲಿ ಕಂಡಿತು ಅಂತ ಬಿಡ್ಬೇಡಿ, ಕೆಲವು ಪ್ರೋಗ್ರಾಂ ಮುಚ್ಚದೇ ಇರೋ ಪಾಲಿಗನ್ ತಗೊಳ್ಳೋದೇ ಇಲ್ಲ. ಕೆರೆ ನಡುವೆ ನಡುಗಡ್ಡೆ ಇದ್ರೆ ಅದನ್ನ ಒಳ ಗಡಿಯಾಗಿ ಕೊಡಿ, ಮೇಲೆ ಇನ್ನೊಂದು ಪಾಲಿಗನ್ ಬರೆದು ಮುಚ್ಚಿದ್ರೆ ವಿಸ್ತೀರ್ಣ ಲೆಕ್ಕ ಹಾಕುವಾಗ ತಪ್ಪು ಬರುತ್ತೆ.

ಬಣ್ಣದ್ದು ಇನ್ನೊಂದು ಕಥೆ. ವೆಬ್‌ನಲ್ಲಿ ಕೆಂಪು, ಹಸಿರು, ನೀಲಿ ಅನ್ನೋ ಕ್ರಮ, ಕೆಎಂಎಲ್‌ನಲ್ಲಿ ಮೊದಲು ಪಾರದರ್ಶಕತೆ, ಆಮೇಲೆ ನೀಲಿ, ಹಸಿರು, ಕೊನೆಗೆ ಕೆಂಪು. ಒತ್ತುವರಿ ಜಾಗ ಕೆಂಪಾಗ್ಲಿ ಅಂತ ವೆಬ್ ಕೋಡ್ ಹಾಕಿದ್ರೆ ಅದು ನೀಲಿಯಾಗಿ ನೀರಿನ ಥರಾನೇ ಕಾಣುತ್ತೆ, ಇದಕ್ಕಿಂತ ಅಪಾರ್ಥ ಬೇಕಾ! ಕ್ಯೂಜಿಐಎಸ್‌ನ ಹಳೇ ವರ್ಷನ್‌ಗಳು ಈ ಬಣ್ಣ ತಗೊಳ್ಳದೇ ತಮ್ಮದೇ ಬಣ್ಣ ಹಾಕ್ತವೆ, ಅದಕ್ಕೆ ಬಣ್ಣ ಒಂದನ್ನೇ ನಂಬ್ಕೊಂಡು ಅರ್ಥ ಕೊಡ್ಬೇಡಿ, "ಒತ್ತುವರಿ" ಅಂತ ಹೆಸರಲ್ಲೋ ವಿವರಣೆಯಲ್ಲೋ ಬರೀರಿ.

ಕನ್ನಡ ಹೆಸರು ಧಾರಾಳವಾಗಿ ಹಾಕಿ, ಊರವರಿಗೆ ಗೊತ್ತಿರೋದೇ ಆ ಹೆಸರು. ಆದ್ರೆ ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಫೈಲ್ ಸೇವ್ ಮಾಡುವಾಗ ಯುಟಿಎಫ್-8 ಇರ್ಲಿ. ಹಳೇ ನುಡಿ ಆಸ್ಕಿ ಫಾಂಟ್‌ನಲ್ಲಿ ಮಾಡಿದ ಪಟ್ಟಿಯಿಂದ ಅಂಟಿಸಿದ್ರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತೆ, ಮೊದಲು ಕನ್ವರ್ಟ್ ಮಾಡ್ಕೊಳ್ಳಿ. ಇನ್ನು ಹೆಸರಿನ ನಡುವೆ & ಚಿಹ್ನೆ ಹಾಗೇ ಹಾಕಿದ್ರೆ ಎಷ್ಟೋ ಸಾಫ್ಟ್‌ವೇರ್ ಇಡೀ ಫೈಲನ್ನೇ ತೆಗೆಯಲ್ಲ, ಅಲ್ಲಿ "ಮತ್ತು" ಅಂತ ಬರೆದ್ರೆ ಮುಗೀತು.

ಫೋಟೋ, ಐಕಾನ್ ಎಲ್ಲಾ ನಿಮ್ಮ ಕಂಪ್ಯೂಟರಿನ ಸಿ ಡ್ರೈವ್ ದಾರಿ ತೋರಿಸ್ತಿದ್ರೆ ನಿಮಗೆ ಮಾತ್ರ ಕಾಣುತ್ತೆ. ಕೆಎಂಜೆಡ್ ಆಗಿ ಸೇವ್ ಮಾಡಿ, ಅದು ಬರೀ ಜಿಪ್ ಫೈಲ್, ಚಿತ್ರಗಳೂ ಒಳಗೆ ಬರುತ್ತೆ. ಆದ್ರೂ ಕ್ಯೂಜಿಐಎಸ್ ಅದ್ರ ಆಕಾರ, ಮಾಹಿತಿ ಓದುತ್ತೆ ಹೊರತು ಫೋಟೋ ತಾನಾಗೇ ತೋರಿಸಲ್ಲ. ಹಳೇ ನಕ್ಷೆ ಅಲ್ಲೂ ಬೇಕು ಅಂದ್ರೆ ಕ್ಯೂಜಿಐಎಸ್‌ನ ಜಿಯೋರೆಫರೆನ್ಸರ್‌ನಲ್ಲಿ ಸರಿಯಾದ ಜಾಗಕ್ಕೆ ಕೂರಿಸಿ ಜಿಯೋಟಿಫ್ (ಜಾಗದ ಮಾಹಿತಿ ಇರೋ ಚಿತ್ರ ಫೈಲ್) ಆಗಿ ಬೇರೆಯಾಗೇ ಕೊಡಿ.

ಮೈ ಮ್ಯಾಪ್ಸ್‌ಗೆ ಹಾಕೋದಾದ್ರೆ ಫೈಲ್ 5 ಎಂಬಿ ದಾಟಬಾರ್ದು, ಒಂದು ಮ್ಯಾಪ್‌ಗೆ 10 ಲೇಯರ್, ಒಂದು ಲೇಯರ್‌ಗೆ 2000 ಗುರುತು. ದೊಡ್ಡದಾದ್ರೆ ಹೋಬಳಿ ಪ್ರಕಾರ ಒಡೆದು ಹಾಕಿ.

ವೆಬ್‌ಸೈಟಲ್ಲಿ ಗೂಗಲ್ ಮ್ಯಾಪ್ಸ್ ಜಾವಾಸ್ಕ್ರಿಪ್ಟ್ ಎಪಿಐ (ಸೈಟ್ ಒಳಗೆ ಗೂಗಲ್ ಮ್ಯಾಪ್ ಕೂರಿಸೋ ಕೋಡ್ ಸೌಲಭ್ಯ) ಮೂಲಕ ತೋರಿಸೋದಾದ್ರೆ ಮಿತಿ ಇನ್ನೂ ಬಿಗಿ, 3 ಎಂಬಿ ಮತ್ತು 1000 ಗುರುತು, ಜೊತೆಗೆ ಫೈಲನ್ನ ಗೂಗಲ್ ಸರ್ವರೇ ಬಂದು ತಗೊಳ್ಳೋದ್ರಿಂದ ಲಿಂಕ್ ಸಾರ್ವಜನಿಕವಾಗಿರ್ಬೇಕು, ನಿಮ್ಮ ಲೋಕಲ್‌ಹೋಸ್ಟ್‌ನಲ್ಲಿದ್ರೆ, ಅಂದ್ರೆ ನಿಮ್ಮ ಕಂಪ್ಯೂಟರಲ್ಲೇ ಇದ್ರೆ, ಬರಲ್ಲ. ಫೈಲ್ ತಿದ್ದಿದ ಮೇಲೂ ಹಳೇದೇ ಕಾಣ್ತಿದ್ರೆ ಅದು ಕ್ಯಾಶ್ (ಮೊದಲೇ ತಗೊಂಡು ಇಟ್ಕೊಂಡ ಹಳೇ ಕಾಪಿ), ಲಿಂಕ್ ಕೊನೆಗೆ ಪ್ರಶ್ನೆ ಚಿಹ್ನೆ ಹಾಕಿ ಹೊಸ ವರ್ಷನ್ ನಂಬರ್ ಸೇರಿಸಿದ್ರೆ ತಾಜಾ ಫೈಲ್ ಬರುತ್ತೆ.