ಎಬೆನ್ ಮಂಜುಗಡ್ಡೆ ಗುಹೆಗೆ ಹೊರಟವರು ಮೊದಲು ಕಾಲು ನೋಡಿಕೊಳ್ಳಿ

ಮೊದಲ ಸಲ ನಾನು ಹಾಕಿಕೊಂಡು ಹೋಗಿದ್ದು ಮಾಮೂಲಿ ಸ್ನೋ ಬೂಟು. ಕೊನೆಯ ಏರಿನಲ್ಲಿ ಎರಡು ಹೆಜ್ಜೆ ಮೇಲೆ, ಮೂರು ಹೆಜ್ಜೆ ಕೆಳಗೆ. ಪಕ್ಕದಲ್ಲೇ ಒಬ್ಬ ಅಜ್ಜಿ ಬೂಟಿನಡಿ ಉಕ್ಕಿನ ಮುಳ್ಳು ಸಿಕ್ಕಿಸಿಕೊಂಡು ಟಕಟಕ ಹತ್ತಿ ಹೋದರು.

ಹಾಗಾಗಿ ಮೊದಲು ಐಸ್ ಕ್ಲೀಟ್ಸ್ (ಬೂಟಿನ ಮೇಲೆ ಎಳೆದು ಹಾಕುವ ಮುಳ್ಳಿನ ರಬ್ಬರು ಪಟ್ಟಿ) ತಗೊಳ್ಳಿ. ಬರೀ ಸ್ಪ್ರಿಂಗ್ ಸುತ್ತಿದ್ದು ಬೇಡ, ಸರಪಣಿಗೆ ಹಲ್ಲು ಇರುವಂಥದ್ದು ಬೇಕು. ಮನೆಯಲ್ಲೇ ಒಂದು ಸಲ ಹಾಕಿ ತೆಗೆದು ಅಭ್ಯಾಸ ಮಾಡಿ. ಬೆರಳು ಮರಗಟ್ಟಿದ ಮೇಲೆ ಆ ರಬ್ಬರು ಎಳೆಯುವುದು ಆಗುವ ಕೆಲಸ ಅಲ್ಲ. ಕಾಲುಚೀಲ ಉಣ್ಣೆಯದೇ ಇರಲಿ. ಹತ್ತಿಯದು ಬೆವರು ಕುಡಿದು ತಣ್ಣಗಾಗುತ್ತದೆ.

ಜಾಗ ಇರುವುದು ಅಮೆರಿಕದ ಮಿಷಿಗನ್ ರಾಜ್ಯದ ಅಪ್ಪರ್ ಪೆನಿನ್ಸುಲಾದಲ್ಲಿ, ಎಬೆನ್ ಜಂಕ್ಷನ್ ಹತ್ತಿರ. ಮಾರ್ಕೆಟ್‌ನಿಂದ ಸುಮಾರು 25 ಮೈಲಿ. (ಸಂತೆ ಮಾರ್ಕೆಟ್ ಅಲ್ಲ, ಊರಿನ ಹೆಸರೇ ಅದು.) ನಮ್ಮ ಹಾಗೆ ಮಿಲ್ವಾಕಿಯಿಂದ ಹೋಗುವವರಿಗೆ ಒಂದು ಗಂಟೆ ಸುಮ್ನೆ ಹೋಗುತ್ತದೆ, ಅಲ್ಲಿ ಈಸ್ಟರ್ನ್ ಟೈಮ್, ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಮುಂದೆ. ಫ್ರೇ ರೋಡ್ ಪಕ್ಕ ಕಾರು ನಿಲ್ಲಿಸಿ, ಕ್ಲೀಟ್ಸ್ ಅಲ್ಲೇ ಹಾಕಿಕೊಳ್ಳಿ. ಮೊದಲು ಸಿಗುವುದು ಖಾಸಗಿ ಹೊಲ. ಚಳಿಗಾಲದಲ್ಲಿ ಜನರನ್ನು ಬಿಡುತ್ತಾರಲ್ಲ, ಅದು ಅವರ ದೊಡ್ಡತನ. ತುಳಿದ ದಾರಿ ಬಿಟ್ಟು ಹೋಗಬೇಡಿ. ಆಮೇಲೆ ಹಯಾವಾಥಾ ರಾಷ್ಟ್ರೀಯ ಅರಣ್ಯದ ಕಾಡು. ಹೋಗಲು ಒಟ್ಟು ಮುಕ್ಕಾಲು ಮೈಲಿಯಷ್ಟು ನಡಿಗೆ, ಕೊನೆಯ ಏರಷ್ಟೇ ಕಡಿದು.

ಗುಹೆ ಅಂತಾರೆ, ನಿಜವಾದ ಗುಹೆ ಅಲ್ಲ. ಮರಳುಗಲ್ಲಿನ ಬಂಡೆ ಮುಂದಕ್ಕೆ ಚಾಚಿದೆ, ಅಡಿಯಲ್ಲಿ ಟೊಳ್ಳು. ಕರಗಿದ ಹಿಮದ ನೀರು ಅಂಚಿನಿಂದ ತೊಟ್ಟಿಕ್ಕುತ್ತಾ, ಬಂಡೆಯಿಂದ ಜಿನುಗುತ್ತಾ ಹೆಪ್ಪುಗಟ್ಟಿ ಪರದೆಯಾಗುತ್ತದೆ. ಗಂಜಿ ಹಾಕಿದ ಸೀರೆಗಳನ್ನು ಸಾಲಾಗಿ ಒಣಹಾಕಿದ ಹಾಗೆ. ಹಿಂದೆ ಹೋಗಿ ನಿಂತರೆ ಬೆಳಕು ಅದರೊಳಗಿಂದ ಸೋಸಿ ಬರುತ್ತದೆ. ಒಂದು ಕಡೆ ನೀಲಿ, ಇನ್ನೊಂದು ಕಡೆ ಬೆಲ್ಲದ ಪಾಕದ ಹಳದಿ. ಆ ಹಳದಿ ನೀರು ಹೊತ್ತು ತಂದ ಖನಿಜಗಳ ಬಣ್ಣ. ನೆಲ ಮಾತ್ರ ಗಾಜು. ಮೇಲೆ ನೋಡಬೇಕಾದರೆ ನಿಂತು ನೋಡಿ, ನಡೀತಾ ಬೇಡ.

ಫೆಬ್ರವರಿಯಲ್ಲಿ ಹೋಗಿ, ಕೆಲಸದ ದಿನದ ಬೆಳಿಗ್ಗೆ ಆದರೆ ಇನ್ನೂ ಒಳ್ಳೆಯದು. ಶನಿವಾರ ಜನ ಜಾಸ್ತಿ. ಇಳಿಜಾರಿನಲ್ಲಿ ಮಕ್ಕಳು ಕೂತು ಜಾರಿಕೊಂಡೇ ಬರುತ್ತಾರೆ, ಪಕ್ಕಕ್ಕೆ ಸರಿದು ಹತ್ತಿ. ಬಿಸಿಲು ಕಾಯತೊಡಗಿದ ದಿನ ಜೋತುಬಿದ್ದ ಗಡ್ಡೆಗಳ ಕೆಳಗೆ ನಿಲ್ಲಬೇಡಿ. ಫೋನು ಒಳ ಜೇಬಿನಲ್ಲಿರಲಿ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ.

ತಿನ್ನಲು ನಾವು ಚಿತ್ರಾನ್ನ ಒಯ್ದು ಕಾರಿನಲ್ಲೇ ಬಿಟ್ಟಿದ್ದೆವು. ವಾಪಸು ಬಂದು ಡಬ್ಬಿ ತೆಗೆದರೆ ಅಕ್ಷತೆ. ಫ್ಲಾಸ್ಕಿನಲ್ಲಿ ಬಿಸಿ ತಿಳಿಸಾರು ತಗೊಂಡು ಹೋಗಿ.