ಕೊನೆಯ ಅಂಕಿ ಸೊನ್ನೆ

ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ನಾನು ಕ್ಲಿನಿಕಲ್ ಟ್ರಯಲ್ ಕೋಆರ್ಡಿನೇಟರ್, ಅಂದರೆ ರೋಗಿಗಳ ಮೇಲೆ ಔಷಧಿ ಪರೀಕ್ಷಿಸುವ ಅಧ್ಯಯನದ ದಿನನಿತ್ಯದ ಕೆಲಸ ನೋಡಿಕೊಳ್ಳುವವಳು. ಮೊದಲು ಎಲ್ಲವೂ ಕಾಗದದ ಫಾರ್ಮ್. ತುಂಬಿ ಕೊರಿಯರ್‌ಗೆ ಹಾಕುತ್ತಿದ್ದೆವು. ಎಲ್ಲೋ ತಪ್ಪಿದೆ ಅಂತ ಪ್ರಶ್ನೆ ವಾಪಸ್ ಬರುವಷ್ಟರಲ್ಲಿ ರೋಗಿ ಹೊಸನಗರದ ತೋಟದಲ್ಲಿ, ಅಡಿಕೆ ಕೊಯ್ಲಿನ ಮಧ್ಯೆ. ಎರಡು ತಿಂಗಳ ಹಿಂದೆ ಯಾವ ಮಾತ್ರೆ ಬಿಟ್ಟಿದ್ದೆ ಅಂತ ಯಾರಿಗೆ ನೆನಪಿರುತ್ತದೆ?

ಬಿಪಿ ಮಾತ್ರೆಯ ಟ್ರಯಲ್‌ಗೆ ರೆಡ್‌ಕ್ಯಾಪ್ ಬಳಸಿದೆವು. ಅಧ್ಯಯನದ ಮಾಹಿತಿಯನ್ನು ಕಂಪ್ಯೂಟರಿನಲ್ಲೇ ತುಂಬಿಡುವ, ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ 2004ರಲ್ಲಿ ಶುರುವಾದ ವ್ಯವಸ್ಥೆ ಇದು. 140ರ ಬದಲು 14 ಅಂತ ಒತ್ತಿದರೆ ತಕ್ಷಣ ಎಚ್ಚರಿಸುತ್ತದೆ. ರೋಗಿ ಇನ್ನೂ ಎದುರಿಗೇ ಕೂತಿರುತ್ತಾರೆ, ಮತ್ತೆ ನೋಡಿದರಾಯಿತು. ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಮನೆ ಭೇಟಿಗೆ ಟ್ಯಾಬ್ ಒಯ್ಯುತ್ತಿದ್ದೆ. ನೆಟ್‌ವರ್ಕ್ ಇಲ್ಲದಿದ್ದರೂ ಆ್ಯಪ್‌ನಲ್ಲಿ ತುಂಬಿ, ಊರಿಗೆ ಬಂದು ಕಳಿಸಬಹುದು.

ಆದರೆ ನಂಬುವಂಥ ತಪ್ಪನ್ನು ಯಾವ ಎಚ್ಚರಿಕೆಯೂ ಹಿಡಿಯುವುದಿಲ್ಲ. ಒಂದು ಸಂಜೆ ಎಲ್ಲ ರೀಡಿಂಗ್‌ಗಳನ್ನು ಇಳಿಸಿಕೊಂಡು ಕೊನೆಯ ಅಂಕಿ ಮಾತ್ರ ಎಣಿಸಿದೆ. ಪಾದರಸದ ಬಿಪಿ ಯಂತ್ರದಲ್ಲಿ ಎರಡೆರಡರ ಗೆರೆ ಇರುವುದರಿಂದ ಕೊನೆಯ ಅಂಕಿ 0, 2, 4, 6, 8ರಲ್ಲಿ ಒಂದು; ಐದರಲ್ಲಿ ಒಂದು ಸೊನ್ನೆ ಬಂದರೆ ಸರಿ. ನಮ್ಮಲ್ಲಿ ಅರ್ಧಕ್ಕಿಂತ ಜಾಸ್ತಿ ಸೊನ್ನೆ! 140, 150, 130. ಮಾತ್ರೆ 4 ಅಂಕಿ ಇಳಿಸಿದರೂ ಈ ಲೆಕ್ಕದಲ್ಲಿ ಅದು ಮುಚ್ಚಿಹೋಗಬಹುದು ಅಲ್ವಾ? ಕಾಗದದಲ್ಲಿದ್ದಿದ್ದರೆ ಟ್ರಯಲ್ ಮುಗಿದ ಮೇಲೆ ಗೊತ್ತಾಗುತ್ತಿತ್ತೇನೋ.

ಬಿಪಿ ನೋಡುವ ಸಿಸ್ಟರ್ ಹತ್ತಿರ ಪಟ್ಟಿ ಹಿಡಿದು ಕೂತೆ. “ಸಾಲು ಉದ್ದ ಇರುತ್ತೆ ಮೇಡಂ, ಹತ್ತಿರದ ಹತ್ತಕ್ಕೆ ಬರೀತಿದ್ದೆ” ಅಂದರು. ಅವರು ಮುಚ್ಚಿಡದೆ ಹೇಳಿದ್ದು ನನಗೆ ದೊಡ್ಡದು. ಬೈದಿದ್ದರೆ ಮುಂದಿನ ತಪ್ಪು ನನ್ನ ಕಿವಿಗೆ ಬೀಳುತ್ತಲೇ ಇರಲಿಲ್ಲ.

ಟ್ರಯಲ್ ನಡೆಸುವ ಡಾಕ್ಟರಿಗೆ ಹೇಳಿ, ರೋಗಿಗಳ ಹಿತ ಕಾಯುವ ಎಥಿಕ್ಸ್ ಕಮಿಟಿಗೆ ತಿಳಿಸಿ, ಡಿಜಿಟಲ್ ಯಂತ್ರಕ್ಕೆ ಬದಲಾದೆವು. ಒಂದೊಂದು ನಿಮಿಷ ಬಿಟ್ಟು ಮೂರು ರೀಡಿಂಗ್. ಮೂರನ್ನೂ ಅಲ್ಲೇ ತುಂಬಬೇಕು. ಸರಾಸರಿಯನ್ನು ಕಂಪ್ಯೂಟರೇ ಹಾಕುತ್ತದೆ. ಹಳೆಯ ಅಂಕಿಗಳನ್ನು ಮಾತ್ರ ಮುಟ್ಟಲಿಲ್ಲ. ಈಗ ಊಹಿಸಿ ತಿದ್ದಿದರೆ ಅದು ಇನ್ನೊಂದು ಸುಳ್ಳು. ಯಾವ ದಿನದಿಂದ ಯಂತ್ರ ಬದಲಾಯಿತು ಅಂತ ಬರೆದಿಟ್ಟೆವು. ಯಾರು, ಯಾವಾಗ, ಏನು ಬದಲಿಸಿದರು ಅನ್ನುವುದು ರೆಡ್‌ಕ್ಯಾಪ್‌ನಲ್ಲಿ ಹೇಗೂ ದಾಖಲಾಗುತ್ತದೆ.

ಮುಂದಿನ ತಿಂಗಳ ಪಟ್ಟಿಯಲ್ಲಿ 137, 142, 129 ಕಂಡವು. ಈಗ ತಿಂಗಳಿಗೊಮ್ಮೆ ಆ ಪಟ್ಟಿಯನ್ನು ಸಿಸ್ಟರ್ ಮತ್ತು ನಾನು ಒಟ್ಟಿಗೇ ಎಣಿಸುತ್ತೇವೆ.